ಕೌದಿ ಹೊದ್ದ ಸಮುದ್ರ

2023ರ ಜನವರಿಯಲ್ಲಿ ಬ್ಯಾಡಗಿಯಿಂದ ನನಗೊಂದು ಫೋನ್ ಬಂತು. ಆಗ ನಾನು ಕರಾವಳಿಯ ಒಂದು ಕಾಲೇಜಿನ ಕಡಲಜೀವಿ ವಿಭಾಗದಿಂದ ನಿವೃತ್ತನಾಗಿ, ಸ್ವಂತ ಊರಾದ ರಾಣೇಬೆನ್ನೂರಿಗೆ ಬಂದು, ಅಕ್ವೇರಿಯಂ ನೋಡಿಕೊಳ್ಳುವ ಸಣ್ಣ ಉದ್ಯೋಗ ಹಿಡಿದಿದ್ದೆ. ಕಾಲೇಜಿನಲ್ಲಿ ನನ್ನ ಹುದ್ದೆಯ ಹೆಸರು ಟೆಕ್ನಿಕಲ್ ಅಸಿಸ್ಟೆಂಟ್. ಹೆಸರು ದೊಡ್ಡದು, ಕೆಲಸ ಇಷ್ಟೇ: ಗಾಜಿನ ತೊಟ್ಟಿಯೊಳಗಿನ ಸಮುದ್ರದ ನೀರು ಕೆಡದ ಹಾಗೆ ನೋಡಿಕೊಳ್ಳುವುದು. ಮೀನು ಮಾತಾಡುವುದಿಲ್ಲ, ನನಗೂ ಮಾತು ಕಡಿಮೆ. ಹೀಗಾಗಿ ನಮ್ಮ ನಡುವೆ ಜಗಳ ಆಗಲಿಲ್ಲ. ಮನುಷ್ಯರ ಜೊತೆ ಆಗುತ್ತಿತ್ತು. ನನ್ನದು ಮುಂಗೋಪ ಎಂದು ವಿಭಾಗದಲ್ಲಿ ಹೇಳುತ್ತಿದ್ದರು, ಸುಳ್ಳೇನಲ್ಲ.

ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ಎರಡು ಫೋನ್ ನಂಬರುಗಳಿವೆ. ಮೊದಲನೆಯದು ನನ್ನದು, ಎರಡನೆಯದು ನನ್ನ ಹೆಂಡತಿ ಜೈಬುನ್ನಳದು, ಅವಳ ಹೆಸರೂ ಅಲ್ಲಿದೆ. ನನ್ನ ಕೈ ಸದಾ ನೀರಿನಲ್ಲಿ ಇರುವುದರಿಂದ ಗಿರಾಕಿಗಳ ಫೋನ್ ಎತ್ತುವ ಕೆಲಸ ಅವಳದಾಗಿತ್ತು. ನನ್ನಷ್ಟು ಒರಟಾಗಿ ಮಾತಾಡುತ್ತಿರಲಿಲ್ಲವಾದ್ದರಿಂದ ಉದ್ಯೋಗ ನಡೆದದ್ದೇ ಅವಳ ನಾಲಿಗೆಯಿಂದ ಎನ್ನಬೇಕು. ಸಂಜೆ ನಾನು ಹಾವೇರಿಯಲ್ಲಿದ್ದರೂ ಹಿರೇಕೆರೂರಿನಲ್ಲಿದ್ದರೂ ಅವಳ ಫೋನ್ ಬರುತ್ತಿತ್ತು. ಕೇಳುತ್ತಿದ್ದದ್ದು ಒಂದೇ ಮಾತು, ಊಟ ಆಯಿತೇ ಎಂದು. ನಾವು ಊರಿಗೆ ಮರಳಿ ವರ್ಷ ತುಂಬುವ ಮೊದಲೇ ಅವಳು ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಗುಂಡಿ ಒತ್ತುವ ಅವಳ ಹಳೆಯ ಫೋನನ್ನು ನಾನು ಅಲಮಾರಿಯ ಮೇಲಿಟ್ಟು ದಿನಾ ಚಾರ್ಜಿಗೆ ಹಾಕುತ್ತಿದ್ದೆ, ರೀಚಾರ್ಜನ್ನೂ ತಪ್ಪಿಸುತ್ತಿರಲಿಲ್ಲ. ಗಿರಾಕಿಗಳು ಆ ನಂಬರಿಗೆ ಮಾಡಿದರೆ ಎಂದು ನನಗೆ ನಾನೇ ಸಬೂಬು ಹೇಳಿಕೊಳ್ಳುತ್ತಿದ್ದೆ. ಯಾರೂ ಮಾಡುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಅಕ್ವೇರಿಯಂ ಎಂದರೆ ದವಾಖಾನೆಯ ಹೊರಕೋಣೆಯಲ್ಲಿ ಸುತ್ತು ಹಾಕುವ ಗೋಲ್ಡ್ ಫಿಶ್. ಹಾವೇರಿಯಲ್ಲಿ ಅಂಥವು ನಾಲ್ಕಾರು ನನ್ನ ಕೈಯಲ್ಲಿದ್ದವು. ಗಾಜು ತಿಕ್ಕು, ಫಿಲ್ಟರ್ ತೊಳೆ, ಮನೆಗೆ ಬಾ. ಸಮುದ್ರ ಸಾಕುವ ಹುಚ್ಚರು ಈ ಕಡೆ ಇರಲಾರರು ಎಂದೇ ನಾನು ನಂಬಿದ್ದೆ. ಆದ್ದರಿಂದ ಬ್ಯಾಡಗಿಯ ಫೋನಿನಲ್ಲಿ ಗಡುಸು ದನಿಯೊಂದು "ಉಪ್ಪು ನೀರಿನ ಟ್ಯಾಂಕ್ ಕೆಟ್ಟೈತ್ರಿ, ಹವಳ ಸಾಯಾಕತ್ತಾವು" ಎಂದಾಗ ನಾನು ತಮಾಷೆ ಎಂದುಕೊಂಡೆ.

"ಯಾರು ಕಟ್ಟಿದ ಟ್ಯಾಂಕ್ರಿ ಅದು?" ಎಂದು ಕೇಳಿದೆ.

"ನನ್ನ ತಮ್ಮ. ಮಹೇಶ ಅಂತ."

"ಹಂಗಾರ ಅವರಿಗೆ ಫೋನ್ ಕೊಡ್ರಿ. ಸರಿಯಾಗಿ ಕೇಳ್ತೇನಿ."

"ಅವ ಇಲ್ರಿ."

"ಯಾವಾಗ ಬರ್ತಾರ?"

"ಬರೂದಿಲ್ಲ" ಎಂದರು. ಮರುದಿನವೇ ಬರುತ್ತೇನೆಂದು ಹೇಳಿ ಫೋನ್ ಇಟ್ಟೆ.

ಅವರ ಹೆಸರು ಬಸವಣ್ಣೆಪ್ಪ, ಮೆಣಸಿನಕಾಯಿ ದಲಾಲಿ, ಊರಿನವರ ಬಾಯಲ್ಲಿ ಸಾವ್ಕಾರರು. ಅರವತ್ತರ ಆಸುಪಾಸು, ಎತ್ತರದ ಆಳು. ಮಾರುಕಟ್ಟೆಯಲ್ಲಿ ಕೂಗಿ ಕೂಗಿ ದಪ್ಪಗಾದ ಗಂಟಲು. ಕೆಳಗೆ ಅಂಗಡಿ, ಮೇಲೆ ಮನೆ. ಸೀಜನ್ನಿನ ದಿನಗಳಾದ್ದರಿಂದ ಓಣಿಯ ತುಂಬ ಚೀಲಗಳ ರಾಶಿ. ಮೆಟ್ಟಿಲು ಹತ್ತುವಾಗಲೇ ಖಾರದ ಘಾಟಿಗೆ ನಾನು ಕೆಮ್ಮಿ ಕೆಮ್ಮಿ ಸುಸ್ತಾದೆ. ಅಡುಗೆಯ ಫಕ್ಕೀರವ್ವ ನೀರು ತಂದು ಕೊಡುತ್ತ, "ಹೊಸಬರಿಗೆ ಹಿಂಗ ಆಗ್ತದರಿ. ನಮಗ ಈ ವಾಸನಿ ಇಲ್ಲಂದ್ರನ ನಿದ್ದಿ ಬರೂದಿಲ್ಲ" ಎಂದು ನಕ್ಕಳು. ಅವಳು ಬೆಳಿಗ್ಗೆ ಬಂದು ಸಂಜೆ ಅಡುಗೆ ಮುಚ್ಚಿಟ್ಟು ಹೋಗುವವಳು. ಅವಳು ಹೋದ ಮೇಲೆ ಆ ಮನೆಯಲ್ಲಿ ಸಾವ್ಕಾರರೊಬ್ಬರೇ.

ಅಣ್ಣ ತಮ್ಮ ಇಬ್ಬರೂ ಮದುವೆಯಾಗಿರಲಿಲ್ಲ. ತಾಯಿ ಬೇಗ ತೀರಿಕೊಂಡಾಗ ತಮ್ಮನನ್ನು ಎತ್ತಿ ಬೆಳೆಸಿದವರು ಇವರೇ. ಮದುವೆಯ ಮಾತು ತೆಗೆದರೆ ತಮ್ಮ ಹೋಗಿ ಟ್ಯಾಂಕಿನ ಮುಂದೆ ಕೂತುಬಿಡುತ್ತಿದ್ದನಂತೆ. ಇವರು ಯಾಕೆ ಆಗಲಿಲ್ಲ ಎನ್ನುವುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದೀಪಾವಳಿಗೆ ಮೊದಲು ಮಹೇಶ ಕಾಯಿಲೆ ಬಿದ್ದ. ಕೊನೆಕೊನೆಗೆ ತನ್ನ ಮಂಚವನ್ನು ಪಡಸಾಲೆಗೆ, ಟ್ಯಾಂಕಿನ ಎದುರಿಗೆ ಹಾಕಿಸಿಕೊಂಡಿದ್ದ. ಜೀವ ಹೋದದ್ದೂ ಅಲ್ಲೇ.

ಟ್ಯಾಂಕ್ ನೋಡಿ ನಾನು ಬೆರಗಾದೆ. ಸಮುದ್ರ ಕಾಣದ ಊರಿನಲ್ಲಿ, ಮೊಬೈಲಿನಲ್ಲಿ ವಿಡಿಯೋ ನೋಡಿಯೇ ಕಲಿತು, ಆಳುದ್ದದ ರೀಫ್ ಟ್ಯಾಂಕ್ ಕಟ್ಟಿದ್ದ ಮಹೇಶ. ರೀಫ್ ಟ್ಯಾಂಕ್ ಎಂದರೆ ಬರೀ ಮೀನಿನ ತೊಟ್ಟಿಯಲ್ಲ. ಜೀವಂತ ಹವಳಗಳು ಬೆಳೆಯುವ ಉಪ್ಪುನೀರಿನ ತೊಟ್ಟಿ. ಶುದ್ಧೀಕರಿಸಿದ ನೀರಿಗೆ ಅಳತೆಯಂತೆ ಕಡಲುಪ್ಪಿನ ಪುಡಿ ಬೆರೆಸಬೇಕು, ಶಾಖ ಹೆಚ್ಚುಕಡಿಮೆ ಆಗಬಾರದು, ನೀರು ಸದಾ ಅಲೆಯಾಡುತ್ತಿರಬೇಕು. ಎಲ್ಲವೂ ಅಚ್ಚುಕಟ್ಟಾಗಿತ್ತು. ಆದರೆ ಈಗ ಆ ಅಚ್ಚುಕಟ್ಟಿನ ಮೇಲೆಲ್ಲ ಕಡುಗೆಂಪು ಲೋಳೆ ಹಾಸಿಕೊಂಡಿತ್ತು. ಮರಳು, ಕಲ್ಲು, ಗಾಜು ಯಾವುದನ್ನೂ ಬಿಟ್ಟಿರಲಿಲ್ಲ. ಕಲ್ಲಿನ ಸಂದಿಗಳಲ್ಲಿ ಹಸಿರು ಕೂದಲಿನಂಥ ಪಾಚಿ ಬೇರೆ.

"ನೋಡ್ರಿ, ಪಕ್ಕಾ ಡಬ್ಬಿ ಮೆಣಸಿನಕಾಯಿ ಬಣ್ಣ. ಕೆಳಗಿನ ಧೂಳು ಹಾರಿ ಬಂದು ಬೀಳಾಕತ್ತೈತಿ" ಎಂದರು ಸಾವ್ಕಾರರು. ಆ ನಂಬಿಕೆಯಿಂದ ಅವರು ಪಡಸಾಲೆಯ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಬಡಿಸಿದ್ದರು.

ಧೂಳಲ್ಲ, ಅದು ಸಯನೋಬ್ಯಾಕ್ಟೀರಿಯಾ ಎಂದು ನಾನು ಹೇಳಿದೆ. ಜನ ಅದನ್ನು ಕೆಂಪು ಪಾಚಿ ಎನ್ನುತ್ತಾರೆ. ನಿಜಕ್ಕೂ ಅದು ಬೆಳಕಿನಿಂದ ಅನ್ನ ಮಾಡಿಕೊಳ್ಳುವ ಒಂದು ಬಗೆಯ ಬ್ಯಾಕ್ಟೀರಿಯಾ. ಎಲ್ಲ ಟ್ಯಾಂಕಿನಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಆಹಾರವೋ ಬೆಳಕೋ ಅತಿಯಾದಾಗ, ನೀರಿನ ಓಟ ಮಂದವಾದಾಗ ಅದು ತಲೆ ಎತ್ತುತ್ತದೆ. ಅದರ ಹಾಳೆ ಹವಳದ ಮೇಲೆ ಹಾಸಿತೆಂದರೆ ಹವಳಕ್ಕೆ ಉಸಿರು ಕಟ್ಟುತ್ತದೆ.

ಸಾವ್ಕಾರರು ಬೆರಳು ತೋರಿಸಿದ್ದು ಮಧ್ಯದ ಒಂದು ಹವಳದ ಕಡೆಗೆ. ಅಣಬೆಯ ಆಕಾರದ ಲೆದರ್ ಕೋರಲ್. ಆರೋಗ್ಯವಾಗಿದ್ದರೆ ಅದರ ತಲೆಯ ಮೇಲೆ ನೂರಾರು ಸಣ್ಣ ಎಳೆಗಳು ಅರಳಿ, ಗಾಳಿಗೆ ಜೋಳದ ಹೊಲ ತೂಗಿದ ಹಾಗೆ ತೂಗುತ್ತವೆ. ಇದರ ಎಳೆಗಳೆಲ್ಲ ಒಳಗೆಳೆದುಕೊಂಡಿದ್ದವು. ಬಣ್ಣ ಮಾಸಿತ್ತು, ಕಾಂಡದ ಅರ್ಧಕ್ಕೆ ಕೆಂಪು ಏರಿತ್ತು.

"ಅವ ತಂದಾಗ ಇದು ರೂಪಾಯಿ ಬಿಲ್ಲಿಯಷ್ಟಿತ್ರಿ" ಎಂದರು. ಅಂಗೈ ಬಿಡಿಸಿ, "ಇಷ್ಟು ಮಾಡಿದ್ದ. ಸಾಹೇಬ್ರ, ಉಳದದ್ದು ಹೋದರ ಹೋಗ್ಲಿ. ಇದೊಂದು ಉಳಸ್ರಿ. ಇದೂ ಹೋತಂದ್ರ ಅವ ಖರೇನ ಹೋದಂಗ" ಎಂದರು.

ನನಗೆ ಅಂಥ ಮಾತು ಕೇಳಿ ರೂಢಿಯಿಲ್ಲ. "ನೋಡೂಣು, ಮೊದಲ ನೀರು ಪರೀಕ್ಷಾ ಮಾಡ್ತೇನಿ" ಎಂದು ಬಿಗಿಯಾಗಿ ಹೇಳಿ ಟ್ಯಾಂಕಿನ ಎದುರಿಗೆ ಹೋಗಿ ನಿಂತೆ. ಸಾವ್ಕಾರರು ತಟ್ಟನೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಅಲ್ಲಿ ನಿಲ್ಲಬ್ಯಾಡ್ರಿ. ಈ ಕಡೆ ಬರ್ರಿ." ಕೆಳಗೆ ನೋಡಿದರೆ ಫರಸಿ ಕಲ್ಲಿನ ನೆಲದ ಮೇಲೆ ತಟ್ಟೆಯಗಲದ ಎಣ್ಣೆಯ ಕಲೆ ಇತ್ತು. ಕಾಲು ಜಾರೀತೆಂದು ಎಳೆದರು ಎಂದುಕೊಂಡೆ.

ಪರೀಕ್ಷೆಯಲ್ಲಿ ನೈಟ್ರೇಟ್ ಇಲ್ಲವೆನ್ನುವಷ್ಟು ಕಡಿಮೆ, ಫಾಸ್ಫೇಟ್ ಕೂಡ ಹಾಗೆಯೇ. ಇವೆರಡೂ ಮೀನಿನ ಹೊಲಸು, ಉಳಿದ ಆಹಾರ ಕೊಳೆತಾಗ ನೀರಿಗೆ ಸೇರುವ ಗೊಬ್ಬರಗಳು. ಹೊಸಬರು ಈ ಅಂಕಿ ನೋಡಿ ನೀರು ಶುದ್ಧವಿದೆ ಎಂದು ಖುಷಿಪಡುತ್ತಾರೆ. ಅದು ಮೋಸ. ಗೊಬ್ಬರ ನೀರಿಗೆ ಬಿದ್ದ ಕ್ಷಣವೇ ಪಾಚಿ ಅದನ್ನು ತಿಂದು ತಟ್ಟೆ ನೆಕ್ಕಿಟ್ಟಿರುತ್ತದೆ, ನಮ್ಮ ಪರೀಕ್ಷೆಯ ಕಿಟ್‌ಗೆ ಸಿಗುವುದು ಖಾಲಿ ತಟ್ಟೆ. ಮೀನಿಗೆ ಎಷ್ಟು ಆಹಾರ ಹಾಕುತ್ತೀರಿ ಎಂದು ಕೇಳಿದೆ. ಚಿಟಿಕೆಯಷ್ಟು ಎಂದರು. ನೀರು ಎಲ್ಲಿಯದು ಎಂದರೆ ಮಹೇಶ ಇಟ್ಟ ಫಿಲ್ಟರಿನದೇ. ಪರೀಕ್ಷಿಸಿದೆ, ಅದೂ ಸರಿಯಿತ್ತು. ಕೊನೆಗೆ ಲೈಟ್ ಎಷ್ಟು ಹೊತ್ತು ಉರಿಯುತ್ತದೆ ಎಂದು ಕೇಳಿದೆ.

"ಅವ ಹೆಂಗ ಇಟ್ಟಾನ ಹಂಗ ಐತ್ರಿ" ಎಂದರು, ಮುಖ ಆ ಕಡೆ ತಿರುಗಿಸಿ.

ಟೈಮರ್ ಟ್ಯಾಂಕಿನ ಹಿಂದಿನ ಗೋಡೆಯಲ್ಲೇ ನೇತಾಡುತ್ತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಹತ್ತಿ ರಾತ್ರಿ ಎಂಟಕ್ಕೆ ಆರುವ ಹಾಗೆ ಮುಳ್ಳುಗಳನ್ನು ಇಟ್ಟಿದ್ದ ಮಹೇಶ. ಸರಿಯಾದ ಲೆಕ್ಕ. ನಾನು ಮುಂದೆ ಕೇಳಲಿಲ್ಲ.

ಆ ದಿನ ಕೊಳವೆ ಹಾಕಿ ಕೆಂಪು ಲೋಳೆಯನ್ನೆಲ್ಲ ಹೀರಿ ತೆಗೆದೆ. ಕಲ್ಲಿನ ಹಸಿರು ಕೂದಲನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಅಲೆ ಎಬ್ಬಿಸುವ ಪಂಪಿನಲ್ಲಿ ಕಸ ಕಟ್ಟಿತ್ತು, ಬಿಡಿಸಿದೆ. ನೀರಿನ ಕಾಲುಭಾಗ ಬದಲಾಯಿಸಿದೆ. ಹವಳದ ಬುಡವನ್ನು ಮಗುವಿನ ಮುಖ ತೊಳೆದಂತೆ ತೊಳೆದೆ. ಸಂಜೆಗೆ ಟ್ಯಾಂಕ್ ಫಳಫಳ ಎನ್ನುತ್ತಿತ್ತು. ಬಸ್ಸಿನಲ್ಲಿ ಮರಳುವಾಗ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಮುಂದಿನ ವಾರ ಹೋದರೆ ಕೆಂಪು ಹಾಗೇ ಹಾಸಿತ್ತು! ಮತ್ತೆ ತೆಗೆದೆ, ಆಹಾರ ಇನ್ನೂ ಕಡಿಮೆ ಮಾಡಿಸಿದೆ, ಪಾಚಿ ಮೇಯುವ ಶಂಖದ ಹುಳಗಳನ್ನು ತರಿಸಿ ಬಿಟ್ಟೆ. ಅದರ ಮುಂದಿನ ವಾರವೂ ಅದೇ ಕಥೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬಕೆಟ್ ಹಿಡಿದು ಹತ್ತುವ ನನ್ನನ್ನು ಕಂಡರೆ ಬ್ಯಾಡಗಿ ಮೇಲೆ ಹೋಗುವ ಕಾಗಿನೆಲೆ ಬಸ್ಸಿನ ಕಂಡಕ್ಟರ್ ಹಣೆ ಗಂಟಿಕ್ಕುತ್ತಿದ್ದ. "ಏನ್ರಿ ಯಜಮಾನ್ರ, ದಿನಾ ನೀರು ಹೊರ್ತೀರಿ, ಬ್ಯಾಡಗ್ಯಾಗ ನಳಾ ಬರೂದಿಲ್ಲೇನು?" ಎನ್ನುತ್ತಿದ್ದ. ನಗುವ ಮನಸ್ಸು ನನಗಿರಲಿಲ್ಲ. ಹವಳ ಪ್ರತಿಸಲ ಒಂದಿಷ್ಟು ಕುಗ್ಗುತ್ತಿತ್ತು. ಸಾವ್ಕಾರರು ಏನೂ ಅನ್ನುತ್ತಿರಲಿಲ್ಲ, ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದರು. ಮಾರುಕಟ್ಟೆಯಲ್ಲಿ ಗುಡುಗುವ ಮನುಷ್ಯ ಅಷ್ಟು ಸುಮ್ಮನಿರುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಬೈದಿದ್ದರೆ ಹಗುರಾಗುತ್ತಿತ್ತು.

ಮರ್ಮ ತಿಳಿದದ್ದು ಮಾರುಕಟ್ಟೆಯ ದಿನದ ದೆಸೆಯಿಂದ. ಆ ದಿನ ಬಸ್ಸುಗಳಲ್ಲಿ ಬಕೆಟ್ ಇಡಲು ಜಾಗ ಸಿಗುವುದಿಲ್ಲವೆಂದು ನಾನು ಮೊದಲ ಬಸ್ಸಿಗೇ ಹೊರಟೆ. ಹೋಗಿ ಮುಟ್ಟಿದಾಗ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಫಕ್ಕೀರವ್ವ ಆಗಷ್ಟೇ ಬಂದು ಬಾಗಿಲಿಗೆ ನೀರು ಹಾಕುತ್ತಿದ್ದಳು. ಸಾವ್ಕಾರರು ಅಂಗಡಿಯಲ್ಲಿ ಚೀಲ ಇಳಿಸಿಕೊಳ್ಳುತ್ತಿದ್ದರು. ನಾನು ನೇರ ಮೇಲೆ ಹತ್ತಿದೆ.

ಪಡಸಾಲೆಯಲ್ಲಿ ಟ್ಯಾಂಕ್ ಹಗಲಿನ ಹಾಗೆ ಬೆಳಗುತ್ತಿತ್ತು. ಫಕ್ಕೀರವ್ವ ಹಚ್ಚಿರಬೇಕು ಎಂದುಕೊಂಡು ಹತ್ತಿರ ಹೋದೆ. ಕಲ್ಲಿನ ಮೇಲಿನ ಗುಂಡಿಯಂಥ ಸಣ್ಣ ಹವಳಗಳು ಪೂರ್ತಿ ಅರಳಿದ್ದವು. ಅವು ರಾತ್ರಿ ಮುಚ್ಚಿಕೊಂಡು, ಬೆಳಕು ಬಂದು ಬಹಳ ಹೊತ್ತಾದ ಮೇಲೆ ಸೋಮಾರಿಗಳ ಹಾಗೆ ಏಳುವ ಜಾತಿ. ಕೆಂಪು ಲೋಳೆಯೂ ಮಧ್ಯಾಹ್ನದಷ್ಟೇ ದಪ್ಪಗಿತ್ತು. ಕತ್ತಲಲ್ಲಿ ಅದು ತೆಳ್ಳಗಾಗಿ ಬೆಳಿಗ್ಗೆ ಅರ್ಧ ಮಾಯವಾದಂತೆ ಕಾಣಬೇಕು. ನಾನು ಪಿಎಚ್ ನೋಡಿದೆ. ಪಿಎಚ್ ಎಂದರೆ ನೀರು ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ. ಹವಳದ ಟ್ಯಾಂಕಿನಲ್ಲಿ ರಾತ್ರಿಯಿಡೀ ಜೀವಿಗಳು ಬರೀ ಉಸಿರಾಡುವುದರಿಂದ ನಸುಕಿನಲ್ಲಿ ಅದು ಎಂಟರ ಆಸುಪಾಸಿಗೆ ಇಳಿದಿರುತ್ತದೆ, ಬೆಳಕಿನಲ್ಲಿ ನಿಧಾನ ಏರುತ್ತದೆ. ಇಲ್ಲಿ 8.4 ಇತ್ತು. ಅದು ಸಂಜೆಯ ಅಂಕಿ. ಅಂದರೆ ಈ ನೀರು ರಾತ್ರಿಯನ್ನೇ ಕಂಡಿಲ್ಲ.

ಟ್ಯಾಂಕಿನ ಹಿಂದೆ ಬಗ್ಗಿ ನೋಡಿದೆ. ಟೈಮರ್ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಆದರೆ ಲೈಟಿನ ಪ್ಲಗ್ ಅದರಲ್ಲಿ ಇರಲೇ ಇಲ್ಲ, ಪಕ್ಕದ ಬೋರ್ಡಿಗೆ ನೇರವಾಗಿ ಹಾಕಿತ್ತು.

ನನ್ನ ಪಿತ್ತ ನೆತ್ತಿಗೇರಿತು. ನಾನು ಇಲ್ಲಿ ಬಕೆಟ್ ಹೊತ್ತು ಹೊತ್ತು ಸಾಯುತ್ತಿದ್ದೇನೆ, ಇವರು ಹಗಲು ರಾತ್ರಿ ಪಾಚಿಗೆ ಊಟ ಬಡಿಸುತ್ತಿದ್ದಾರೆ! ಸಾವ್ಕಾರರು ಮೇಲೆ ಬರುವುದನ್ನೇ ಕಾದಿದ್ದು ಕೇಳಿದೆ. "ಯಾರ್ರಿ ಇದನ್ನ ತೆಗದು ಇಲ್ಲಿ ಹಾಕಿದವರು? ಎತ್ತು ಏರಿಗೆ ಎಳದರ ಕೋಣ ನೀರಿಗೆ ಎಳೀತಂತ. ಹಿಂಗಾದರ ನಾ ಏನ್ ಮಾಡ್ಲಿ? ಮೊದಲ ಲೈಟ್ ಆರಸ್ರಿ!"

"ಆರಸ್ರಿ ಅನಬ್ಯಾಡ್ರಿ." ಅವರ ದನಿ ಏರಲಿಲ್ಲ. "ನಮ್ಮ ಮನ್ಯಾಗ ದೀಪಕ್ಕ ಹಂಗ ಅನ್ನೂದಿಲ್ಲ. ದೊಡ್ಡದು ಮಾಡೂದು ಅಂತೇವಿ."

ಅವರು ಸ್ಟೂಲಿನ ಮೇಲೆ ಕೂತರು. ಫರಸಿಯ ಮೇಲಿನ ಎಣ್ಣೆಯ ಕಲೆಯನ್ನು ನೋಡುತ್ತಲೇ ಹೇಳಿದರು. ಜೀವ ಹೋದ ಜಾಗದಲ್ಲಿ, ತಲೆ ಇದ್ದ ಕಡೆ, ಹಣತೆ ಹಚ್ಚಿಡುವುದು ರೂಢಿ. ಕಾರ್ಯ ಮುಗಿಯುವ ತನಕ ಅದು ಶಾಂತವಾಗಬಾರದು. ಹೋದವರಿಗೆ ದಾರಿ ಕಾಣಬೇಕು. ಅವರೂ ಹಚ್ಚಿದ್ದರು. ನೆಂಟರಿಷ್ಟರು ಇರುವ ತನಕ ಯಾರಾದರೊಬ್ಬರು ಎಣ್ಣೆ ಹಾಕುತ್ತಿದ್ದರು.

"ಕಾರ್ಯ ಮುಗೀತು. ಹಿರ್ಯಾರು ಹಣತಿ ಎತ್ತಿದ್ರು. ಮಂದಿ ಎಲ್ಲಾ ಊರು ಹಿಡದ್ರು. ಆವತ್ತು ರಾತ್ರಿ ನಾ ಒಬ್ಬನ ಇಲ್ಲಿ ಕುಂತಿದ್ನಿ. ಎಂಟಾದ ಕೂಡಲೇ ಇದು ಟಕ್ ಅಂತು ನೋಡ್ರಿ. ಪೂರಾ ಕತ್ತಲ. ದಿನಾ ಅದು ಹಂಗ ಆಗೂದು ನನಗ ಗೊತ್ತಿಲ್ಲೇನು? ಗೊತ್ತಿತ್ತು. ಆದರ ಆವತ್ತು... ನನ್ನ ಕಣ್ಣ ಮುಂದ ಅವ ಇನ್ನೊಮ್ಮೆ ಹೋದಂಗಾತ್ರಿ. ಎದ್ದು ಕತ್ತಲದಾಗ ತಡಕಾಡಿ ಪ್ಲಗ್ ತೆಗದು ಇಲ್ಲಿ ಹಾಕಿದೆ. ಆಮ್ಯಾಲೆ ತೆಗೀಲಿಕ್ಕೆ ಕೈ ಬರವಲ್ದು."

ಫಕ್ಕೀರವ್ವ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಮೊದಲ ದಿನ ಕಾಲಿಡಹೋದ ಜಾಗ ಯಾವುದೆಂದು ಈಗ ಹೊಳೆಯಿತು.

ಆದರೆ ಹವಳ ಸಾಯುತ್ತಿತ್ತು. ವಿಷಯ ಹೇಳಲೇಬೇಕಿತ್ತು. ಹವಳದ ಮೈಯೊಳಗೆ ಅದಕ್ಕೆ ಅನ್ನ ಮಾಡಿಕೊಡುವ ಸೂಕ್ಷ್ಮ ಜೀವಿಗಳಿರುತ್ತವೆ. ಅವಕ್ಕೆ ಬೆಳಕು ಬೇಕು, ಹಾಗೇ ಬಿಡುವೂ ಬೇಕು. ಎರಡು ತಿಂಗಳಿನಿಂದ ಈ ಟ್ಯಾಂಕಿನಲ್ಲಿ ಯಾರೂ ನಿದ್ದೆ ಮಾಡಿಲ್ಲ. ಒಳಗಿದ್ದ ಎರಡು ಮೀನುಗಳೂ ಕಲ್ಲಿನ ಬಿಲದಲ್ಲಿ ನೆರಳು ಹುಡುಕಿ ಅಡಗುತ್ತಿದ್ದುದು ಅದಕ್ಕೇ. ಬೆಳಕಿನ ಲಾಭವೆಲ್ಲ ಕೆಂಪು ಲೋಳೆಗೆ. ಇನ್ನು ಟೈಮರಿಗೆ ಹಾಕಿದರೆ ಸಾಲದು, ಮೂರು ದಿನ ಟ್ಯಾಂಕನ್ನು ಪೂರಾ ಕತ್ತಲಲ್ಲಿ ಇಡಬೇಕು. ಬೆಳಕಿಲ್ಲದೆ ಲೋಳೆ ಸಾಯುತ್ತದೆ. ಹವಳ, ಮೀನು ಅಷ್ಟನ್ನು ತಡೆಯುತ್ತವೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಬ್ಲ್ಯಾಕೌಟ್ ಎನ್ನುತ್ತಾರೆ. ಗಾಜಿನ ಸುತ್ತ ದಪ್ಪ ಬಟ್ಟೆ ಮುಚ್ಚಬೇಕು, ಇಣುಕಿ ಕೂಡ ನೋಡಬಾರದು.

ಸಾವ್ಕಾರರು ತಲೆಯಾಡಿಸಿದರು. "ಆಗೂದಿಲ್ರಿ. ಬ್ಯಾರೆ ಏನರ ಔಷಧ ಇದ್ದರ ಹೇಳ್ರಿ."

ಇಂಥ ಹೊತ್ತಿನಲ್ಲಿ ಜೈಬುನ್ ಇದ್ದಿದ್ದರೆ ಏನು ಹೇಳುತ್ತಿದ್ದಳೋ. ನನಗೆ ನಯದ ಮಾತು ಬಾರದು. ಯಾರಿಗೂ ಹೇಳದಿದ್ದ ಮಾತು ಬಾಯಿಗೆ ಬಂದುಬಿಟ್ಟಿತು.

"ಸಾವ್ಕಾರ್ರ, ನನ್ನ ಹೆಂಡ್ತಿ ಹೋಗಿ ವರ್ಷ ದಾಟೇತಿ. ಆಕಿ ಫೋನ್ ನಾ ಇನ್ನೂ ದಿನಾ ಚಾರ್ಜಿಗೆ ಹಾಕ್ತೇನಿ. ಯಾರೂ ಮಾಡೂದಿಲ್ಲ, ಆಕಿ ಎತ್ತೂದಿಲ್ಲ. ಹುಚ್ಚು ಅಂತ ನನಗೂ ಗೊತ್ತೈತಿ. ಆದರ ಆ ಫೋನಿನಾಗ ಜೀವ ಇಲ್ರಿ, ಅದಕ್ಕ ನಡೀತೈತಿ. ನನ್ನ ಹುಚ್ಚಿಗೆ ಯಾರೂ ಸಾಯೂದಿಲ್ಲ. ಇದರಾಗ ಜೀವ ಅದಾವು. ನಿಮ್ಮ ತಮ್ಮ ಇವಕ್ಕ ದಿನಾ ಎಂಟಕ್ಕ ರಾತ್ರಿ ಮಾಡ್ತಿದ್ದ. ಬರೇ ಬೆಳಕು ಕೊಟ್ಟು ಬೆಳಸಲಿಲ್ರಿ ಅವ, ಕತ್ತಲಾನೂ ಕೊಟ್ಟು ಬೆಳಸ್ಯಾನ."

ಕೆಳಗೆ ಹಮಾಲರು ಕೂಗುವುದು ಕೇಳುತ್ತಿತ್ತು. ಸಾವ್ಕಾರರು ಕೊನೆಗೆ ಫಕ್ಕೀರವ್ವನ ಕಡೆ ನೋಡಿ, "ಟ್ರಂಕಿನಾಗ ನಮ್ಮವ್ವನ ಕೌದಿ ಐತಲ್ಲ, ತಗೊಂಬಾ" ಎಂದರು.

ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಕೈಯಲ್ಲಿ ಹೊಲಿದ ಅಗಲವಾದ ಕೌದಿ. ಅದಕ್ಕೆ ನುಸಿಗುಳಿಗೆಯ ವಾಸನೆ. ಅವರೇ ಅದನ್ನು ಕೊಡವಿ ಮಡಿಕೆ ಬಿಡಿಸಿದರು. "ಸಣ್ಣವರಿದ್ದಾಗ ಇಬ್ಬರೂ ಇದರಾಗ ಮಲಗತಿದ್ವಿ. ಹುಚ್ಚ ಸೂಳೀಮಗ, ನಸೀಕಿನ್ಯಾಗ ಪೂರಾ ತಾನ ಎಳಕೊಂಡು ನನ್ನ ಥಂಡ್ಯಾಗ ಬಿಡ್ತಿದ್ದ" ಎಂದು ನಕ್ಕರು. ನಕ್ಕದ್ದು ಅಲ್ಲೇ ಅಳುವಾಯಿತು. ನಾನು ಟ್ಯಾಂಕಿನ ಕಡೆ ತಿರುಗಿ, ಲೋಳೆ ಹೀರುವ ಕೊಳವೆಯನ್ನು ಸುಮ್ಮನೆ ತೊಳೆಯುತ್ತ ನಿಂತೆ.

ಲೋಳೆ ತೆಗೆದು, ಗಾಳಿಯ ಪಂಪ್ ಹಚ್ಚಿಟ್ಟು, ಎಲ್ಲ ಸಿದ್ಧ ಮಾಡಿದ ಮೇಲೆ ಪ್ಲಗ್ ಕೀಳುವ ಕೆಲಸ ಉಳಿಯಿತು. ನಾನು ಕೈ ಹಾಕಲಿಲ್ಲ. ಸಾವ್ಕಾರರು ಚಪ್ಪಲಿ ಕಳಚಿ, ಟ್ಯಾಂಕಿಗೆ ಒಮ್ಮೆ ಕೈಮುಗಿದು, ಪ್ಲಗ್ ಕಿತ್ತರು. ಇಬ್ಬರೂ ಸೇರಿ ಕೌದಿ ಹೊದಿಸಿದೆವು. ಹೊರಡುವಾಗ ಅವರು, "ಸಾಹೇಬ್ರ, ಮೂರು ದಿನ ಇಲ್ಲೇ ಇದ್ದುಬಿಡ್ರಿ" ಎಂದರು. ನಾನು ಗಿರಾಕಿಗಳ ಮನೆಯಲ್ಲಿ ಉಳಿಯುವವನಲ್ಲ. ಹಾವೇರಿಯಲ್ಲಿ ಕೆಲಸವಿದೆ ಎಂದೆ. ಹಾವೇರಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಆ ಕತ್ತಲೆ ಪಡಸಾಲೆ, ಅದರಲ್ಲಿ ಒಬ್ಬರೇ ಕೂತ ಮನುಷ್ಯ ನನ್ನ ಕಣ್ಣಿಂದ ಸರಿಯಲಿಲ್ಲ. ನನ್ನ ಮನೆಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ.

ಆ ರಾತ್ರಿ ಎಂಟಕ್ಕೆ ಫೋನ್ ಬಂತು. "ಮುಚ್ಚೇ ಐತ್ರಿ" ಎಂದರು ಸಾವ್ಕಾರರು, ಇಟ್ಟರು. ಮರುದಿನವೂ ಅಷ್ಟೇ. ಮೂರನೆಯ ದಿನ, "ಒಳಗ ಏನರ ಸಪ್ಪಳಾ ಬಂದರ ಛಲೋ ಅನಸ್ತೈತ್ರಿ. ಪಂಪಿನ ಸಪ್ಪಳಾ ಕೇಳಿಕೋಂತ ಮಲಗತೇನಿ" ಎಂದರು. ಆ ಮೂರು ದಿನಗಳಲ್ಲಿ ಅದೇ ಅವರ ಅತಿ ಉದ್ದದ ಮಾತು.

ಕೌದಿ ತೆಗೆದಾಗ ಕೆಂಪು ಬಹುತೇಕ ಹೋಗಿತ್ತು, ಮರಳು ಬಿಳುಪಾಗಿ ಕಂಡಿತು. ಹಸಿರು ಕೂದಲು ಪೇಲವವಾಗಿ ಬೆರಳಿಗೇ ಕಿತ್ತು ಬರುತ್ತಿತ್ತು. ಮೀನುಗಳು ಬಿಲದಿಂದ ಹೊರಗೆ ಬಂದು ಗಾಜಿನ ಹತ್ತಿರ ತೇಲಿದವು. ಆದರೆ ಅಣಬೆ ಹವಳ ಬಾಡಿದ ಬದನೆಕಾಯಿಯ ಹಾಗೆ ಮುದುಡಿ ಬಿದ್ದಿತ್ತು, ಮೈಮೇಲೆ ಮೇಣದಂಥ ಪೊರೆ. "ಹೋತೇನ್ರಿ?" ಎಂದರು ಸಾವ್ಕಾರರು. ನನಗೆ ಖಾತ್ರಿ ಇರಲಿಲ್ಲ. ಈ ಜಾತಿ ಹವಳ ತನ್ನನ್ನು ಶುಚಿ ಮಾಡಿಕೊಳ್ಳಲು ಹಾವಿನ ಹಾಗೆ ಪೊರೆ ಕಳಚುವುದುಂಟು. ಸಾಯುವ ಮೊದಲು ಮುದುಡುವುದೂ ಉಂಟು. ಎರಡೂ ಕಣ್ಣಿಗೆ ಒಂದೇ. "ಕಾಯಬೇಕು" ಎಂದೆ. ನೀರು ಬದಲಾಯಿಸಿ, ಲೈಟಿನ ಪ್ಲಗ್ಗನ್ನು ಟೈಮರಿಗೆ ಮರಳಿಸಿ, ಮೊದಲಿಗೆ ಕೆಲವೇ ತಾಸು ಉರಿಯುವಂತೆ ಇಟ್ಟು ಬಂದೆ. ಆ ದಿನಗಳಲ್ಲಿ ನನಗೂ ಅನ್ನ ಸೇರಲಿಲ್ಲ.

ಶಿವರಾತ್ರಿಯ ಸುಮಾರಿಗೆ ಒಂದು ಮಧ್ಯಾಹ್ನ ಫೋನ್ ಬಂತು. ಮಾರುಕಟ್ಟೆಯ ಗಂಟಲಿನಲ್ಲಿ, ಫೋನ್ ಇಲ್ಲದಿದ್ದರೂ ಕೇಳಿಸುವಷ್ಟು ಜೋರಾಗಿ ಕೂಗಿದರು: "ಸಾಹೇಬ್ರ, ಅರಳೇತ್ರಿ! ಪೊರಿ ಬಿಚ್ಚಿ ಒಗದೈತಿ! ಲಗೂ ಬರ್ರಿ!" ಹೋದೆ. ಹವಳದ ತಲೆಯ ತುಂಬ ಎಳೆಗಳು ಎದ್ದು ನೀರಿನೊಡನೆ ತೂಗುತ್ತಿದ್ದವು. ಒಂದು ಅಂಚು ಸತ್ತಿತ್ತು, ಅದನ್ನು ಕತ್ತರಿಸಿ ತೆಗೆದೆ. ಉಳಿದದ್ದು ಉಳಿಯಿತು. ಫಕ್ಕೀರವ್ವ ಶಾವಿಗೆ ಪಾಯಸ ಮಾಡಿದ್ದಳು. ಗಿರಾಕಿಯ ಮನೆಯಲ್ಲಿ ಆ ದಿನ ಮೊದಲ ಸಲ ಉಂಡೆ.

ಅಷ್ಟಕ್ಕೆ ಕೆಲಸ ಮುಗಿಯಬೇಕಿತ್ತು. ಆದರೆ ಎಂಟರ ಫೋನ್ ನಿಲ್ಲಲಿಲ್ಲ. ಟೈಮರ್ ಟಕ್ ಎಂದ ಕೂಡಲೇ ಅವರು ಮಾಡುವರು. "ದೀಪ ದೊಡ್ಡದಾತ್ರಿ." "ಛಲೋ ಆತ್ರಿ." "ಊಟ ಆತೇನ್ರಿ?" "ಆತ್ರಿ." ಇಷ್ಟೇ. ಕತ್ತಲಾಗುವ ಆ ಒಂದು ಕ್ಷಣವನ್ನು ದಾಟಲು ಅವರಿಗೆ ಯಾರಾದರೂ ಬೇಕಿತ್ತು, ನನಗೆ ಅರ್ಥವಾಗುತ್ತಿತ್ತು. ಊಟ ಆಯಿತು ಎಂದು ನಾನು ಹೇಳುತ್ತಿದ್ದದ್ದು ಬಹಳ ಸಲ ಸುಳ್ಳು. ಒಬ್ಬನಿಗಾಗಿ ಒಲೆ ಹಚ್ಚುವುದಕ್ಕೆ ಬೇಸರ ಬಂದು ಬಿಸ್ಕಿಟಿನಲ್ಲಿ ದಿನ ತಳ್ಳುತ್ತಿದ್ದೆ.

ಈ ಪ್ರಕರಣ ಕಲಿಸಿದ್ದನ್ನು ನಾನು ಹೊಸಬರಿಗೆ ಹೀಗೆ ಹೇಳುತ್ತೇನೆ. ಪಾಚಿಯನ್ನು ಬೈಯಬೇಡಿ. ಮನೆಯಲ್ಲಿ ಏನೋ ಒಂದು ಅತಿಯಾಗಿದೆ ಎಂದು ಹೇಳಲು ಅದು ಬಂದಿರುತ್ತದೆ. ಕೆಲವೊಮ್ಮೆ ಅದು ಆಹಾರ, ಕೆಲವೊಮ್ಮೆ ಬೆಳಕು. ಹಿಡಿದುಕೊಂಡ ಕೈಯನ್ನು ಬಿಡಲಾರದ ಮನಸ್ಸೂ ಇರಬಹುದು. ನೀರು ಪರೀಕ್ಷಿಸುವ ಮೊದಲು ಆ ಮನೆಯವರ ಹತ್ತಿರ ಸ್ವಲ್ಪ ಹೊತ್ತು ಕೂತು ಮಾತಾಡಿ. ಮುಂಗೋಪಿಯಾದ ನಾನು ಇದನ್ನು ಕಲಿಯಲು ಅರವತ್ತು ದಾಟಬೇಕಾಯಿತು.

ಆ ಬೇಸಿಗೆಯಲ್ಲಿ ಒಂದು ದಿನ ಹಾವೇರಿಯ ದವಾಖಾನೆಯಲ್ಲಿ ಗಾಜು ತಿಕ್ಕುವಾಗ ನನ್ನ ಫೋನ್ ಜೇಬಿನಿಂದ ಜಾರಿ ಗೋಲ್ಡ್ ಫಿಶ್ ನಡುವೆ ಬಿತ್ತು. ಒರೆಸಿದೆ, ಒಣಗಿಸಿದೆ, ಅದು ಏಳಲಿಲ್ಲ. ಸಂಜೆ ಮನೆಗೆ ಬಂದು ದೀಪ ಕೂಡ ಹಾಕದೆ ಕೂತಿದ್ದೆ. ಎಂಟಾಯಿತು. ಇವತ್ತು ಫೋನಿಲ್ಲ, ಸಾವ್ಕಾರರು ಏನು ಮಾಡುತ್ತಾರೋ ಎಂದುಕೊಳ್ಳುವಷ್ಟರಲ್ಲಿ ಅಲಮಾರಿಯ ಮೇಲೆ ಜೈಬುನ್ನಳ ಫೋನ್ ರಿಂಗಾಯಿತು.

ಆ ಸದ್ದು ಕೇಳದೆ ಎಷ್ಟು ಕಾಲವಾಗಿತ್ತು! ಎದ್ದು ಹೋಗಿ ಎತ್ತಿಕೊಂಡೆ.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ" ಎಂದರು ಬಸವಣ್ಣೆಪ್ಪ. "ನಿಮ್ಮ ಫೋನ್ ಹತ್ತಲಿಲ್ಲ. ಕಾರ್ಡಿನ್ಯಾಗ ಈ ನಂಬರ್ ಇತ್ತು. ಅಕ್ಕಾರದು ಅಂತ ಗೊತ್ತಿತ್ತು, ಆದರೂ ಹಚ್ಚಿದೆ. ದೀಪ ದೊಡ್ಡದಾತ್ರಿ. ಊಟ ಆತೇನ್ರಿ?"

ಆ ಫೋನಿನಲ್ಲಿ ಆ ಮಾತಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಇಲ್ರಿ" ಎಂದೆ.

"ಹಂಗಾರ ಒಲಿ ಹಚ್ರಿ. ನಾನೂ ಇನ್ನೂ ಉಂಡಿಲ್ಲ, ತಡೀತೇನಿ. ಫೋನ್ ಇಡಬ್ಯಾಡ್ರಿ."

ನಾನು ಲೈಟ್ ಹಾಕಿ, ಫೋನನ್ನು ಕಟ್ಟೆಯ ಮೇಲಿಟ್ಟು, ಒಲೆ ಹಚ್ಚಿದೆ.